ಗಂಜಿಗಾಗಿ ತುಳಿದ ಸೈಕಲ್

ನಾನು ಮೈ ಬಗ್ಗಿಸಲು ಹೊರಟಾಗಲೆಲ್ಲ ಯಾರಾದರೂ ಪುಣ್ಯಾತ್ಮರು ಬಂದು ನನ್ನನ್ನು ಕೂರಿಸಿಬಿಡುತ್ತಾರೆ. ಕತಾರಿನಲ್ಲಿದ್ದ ವರ್ಷಗಳಲ್ಲಂತೂ ಇದು ಮತ್ತೆ ಮತ್ತೆ ಆಯಿತು.

೧. ಒಪ್ಪಂದ

ಬಿನ್ ಮಹಮೂದ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ, ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ ಎಂದರು. ಅಲ್ ಖೋರಿನ ಮನೆ ತಲುಪುವುದರೊಳಗೆ ಹೆಂಡತಿ ನನ್ನ ರಾತ್ರಿಯ ಕುಚ್ಚಲಕ್ಕಿ ಗಂಜಿ ರದ್ದು ಮಾಡಿ ಚಪಾತಿ ಘೋಷಿಸಿದಳು. ಉಡುಪಿ ಕಡೆಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಿಜಕ್ಕೂ ಕಣ್ಣಲ್ಲಿ ನೀರು ಬಂತು. ಬೇಕಾದರೆ ಸೈಕಲ್ ತುಳಿಯುತ್ತೇನೆ, ಗಂಜಿ ಮಾತ್ರ ಬಿಡಿಸಬೇಡ ಎಂದು ಗೋಗರೆದೆ.

ನಮ್ಮಲ್ಲಿಂದ ಉತ್ತರಕ್ಕೆ, ಕಡಲಂಚಿನ ಹಳೆಯ ಕಾಲುದಾರಿಯ ಕೊನೆಯಲ್ಲಿ, ಮೀನುಗಾರರು ಎಂದೋ ಬಿಟ್ಟುಹೋದ ಪಾಳು ಊರೊಂದಿತ್ತು.

"ಅಲ್ಲಿವರೆಗೆ ತುಳಿದು ತೋರಿಸಿ," ಎಂದಳು. "ಯಾರ ಗಾಡಿಯೂ ಹತ್ಲಿಕ್ಕಿಲ್ಲ. ಮತ್ತೆ ಗಂಜಿಯ ಮಾತು."

೨. ಕರುಣೆ

ಮೊದಲ ಶುಕ್ರವಾರ, ಅಂದರೆ ಅಲ್ಲಿನ ವಾರದ ರಜೆಯ ದಿನ, ಅರ್ಧ ದಾರಿಯಲ್ಲಿ ಪಿಕಪ್ ಒಂದು ನಿಂತಿತು. ಆ ಕಾಲದಲ್ಲಿ ಮರಳುಗಾಡಿನಲ್ಲಿ ಸೈಕಲ್ ತುಳಿಯುವ ಇಂಡಿಯಾದವನೆಂದರೆ ಗತಿಯಿಲ್ಲದವನು ಎಂದೇ ಲೆಕ್ಕ. ಕತಾರಿ ಯುವಕನೊಬ್ಬ ಇಳಿದು, ಮಾತಿಗೆ ಮೊದಲೇ ನನ್ನ ಸೈಕಲನ್ನು ಗಾಡಿಯ ಹಿಂದೆ ಎತ್ತಿಟ್ಟ. ಮನೆಯಲ್ಲಿ ನನಗೂ ಕಾರಿದೆ, ಬೇಕೆಂದೇ ಸೈಕಲ್ ತುಳಿಯುತ್ತಿದ್ದೇನೆ ಎಂದು ಹಿಂದಿಯಲ್ಲಿ ವಿವರಿಸಿದೆ. ಪಾಪ, ಬಿಸಿಲು ತಲೆಗೇರಿದೆ ಎಂದುಕೊಂಡವನೇ ಒಂದು ಬಾಟಲಿ ನೀರನ್ನು ನನ್ನ ನೆತ್ತಿಗೆ ಸುರಿದ. ನೇರ ಮನೆ ಬಾಗಿಲಿಗೇ ತಂದು ಇಳಿಸಿದ. ಹೆಂಡತಿ ಅವನಿಗೆ ಏಲಕ್ಕಿ ಚಹಾ ಕೊಟ್ಟಳು, ನನಗೆ ಚಪಾತಿ.

೩. ಬಸ್ಸು

ಮರು ಶುಕ್ರವಾರ ಹೆದ್ದಾರಿ ದಾಟುವಲ್ಲಿ ನಮ್ಮ ಕಂಪನಿಯ ಬಸ್ಸು ನನ್ನ ಮುಂದೆಯೇ ಹಾದುಹೋಯಿತು. ಮಲಯಾಳಿ ಡ್ರೈವರ್, ನಾನು ಬಸ್ಸು ತಪ್ಪಿ ಸೈಕಲ್ಲಿನಲ್ಲಿ ಬೆನ್ನಟ್ಟುತ್ತಿದ್ದೇನೆ ಎಂದು ತಿಳಿದು ಬ್ರೇಕ್ ಹಾಕಿದ. ಸಹೋದ್ಯೋಗಿಗಳು 'ಯಲ್ಲಾ, ಯಲ್ಲಾ' ಎಂದು ಅರಬ್ಬಿಯಲ್ಲಿ ಅವಸರಿಸುತ್ತ ಸೈಕಲ್ ಸಮೇತ ನನ್ನನ್ನು ಒಳಗೆಳೆದುಕೊಂಡರು. ಇವತ್ತು ನನಗೆ ರಜೆ ಎಂದು ಹೇಳಿ ಮುಗಿಸುವಾಗ ರಾಸ್ ಲಫಾನಿನ ನಮ್ಮ ಕಂಪನಿಯ ಗೇಟು ಬಂದಿತ್ತು. ಅಲ್ಲಿ ಒಬ್ಬ ಆಳು ಕಡಿಮೆಯಿದ್ದ. ಬಾಸ್ ನನ್ನ ಚಡ್ಡಿಯ ಮೇಲೇ ಡ್ಯೂಟಿಯ ಬಟ್ಟೆ ತೊಡಿಸಿದರು. ರಜೆಯಲ್ಲೂ ಓಡಿ ಬಂದ ಉತ್ಸಾಹಕ್ಕೆ ಮೀಟಿಂಗಿನಲ್ಲಿ ಚಪ್ಪಾಳೆ ಸಿಕ್ಕಿತು, ಜೊತೆಗೆ ಮುಂದಿನ ಎರಡು ಶುಕ್ರವಾರಗಳ ಡ್ಯೂಟಿಯೂ.

೪. ಸಾಕ್ಷಿ

ಕೊನೆಗೂ ಒಂದು ದಿನ ತಲುಪಿದೆ. ಮುರಿದ ಗೋಡೆಗಳ ನಡುವೆ ಕಂಬಳಿ ಹಾಸಿಕೊಂಡು ಕತಾರಿ ಕುಟುಂಬವೊಂದು ಊಟಕ್ಕೆ ಕೂತಿತ್ತು. ಮನೆಯ ಹಿರಿಯಜ್ಜ ಹುಟ್ಟಿದ್ದು ಅದೇ ಊರಿನಲ್ಲಂತೆ. ತಾನು ಬೆಳೆದ ಕೋಣೆಯ ಗೋಡೆಯನ್ನು ಮುಟ್ಟಿ ತೋರಿಸಿದರು. ನನಗೂ ಎದೆ ತುಂಬಿ ಬಂತು. ಕೂರಿಸಿ, ಅನ್ನ ಮತ್ತು ಕುರಿಮಾಂಸದ ದೊಡ್ಡ ಹರಿವಾಣ ಮುಂದಿಟ್ಟರು. ಹಿರಿಯರು ಬಡಿಸಿದ್ದನ್ನು ಬೇಡ ಎನ್ನಬಾರದಲ್ಲ, ಉಂಡೆ.

ಕೈ ತೊಳೆದು ಹೆಂಡತಿಗೆ ಫೋನ್ ಮಾಡಿದೆ. ಅವಳು ನಂಬಲಿಲ್ಲ. ಯಾವ ಪಿಕಪ್ಪಿನಲ್ಲಿ ಹೋದಿರಿ ಎಂದು ಕೇಳಿದಳು. ಸಾಕ್ಷಿಗಿರಲಿ ಎಂದು ಫೋನನ್ನು ಅಜ್ಜನ ಕೈಗಿತ್ತೆ. ಅವರಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು. ಸೈಕಲ್ಲಿನಲ್ಲೇ ಬಂದಿದ್ದಾನೆ, ನಾನೇ ಕಣ್ಣಾರೆ ಕಂಡೆ ಎಂದರು. ನಾನು ಗೆದ್ದೆ ಎಂದು ಬೀಗಿದೆ. ಅಜ್ಜ ಅಲ್ಲಿಗೆ ನಿಲ್ಲಿಸಲಿಲ್ಲ. ನಿನ್ನ ಗಂಡನಷ್ಟು ಪ್ರೀತಿಯಿಂದ ಉಣ್ಣುವವರನ್ನು ನೋಡಿ ವರ್ಷಗಳಾದವು ಮಗಳೇ, ನಾಲ್ಕನೆಯ ಸಲ ಅನ್ನ ಹಾಕಿದಾಗಲೂ ಬೇಡ ಅನ್ನಲಿಲ್ಲ ಎಂದು ಮನಸಾರೆ ಹೊಗಳಿ ಫೋನ್ ಮರಳಿಸಿದರು.

ನಾನು ಫೋನನ್ನು ಮೆಲ್ಲಗೆ ಕಿವಿಗಿಟ್ಟೆ.

"ಆಯ್ತು, ನೀವೇ ಗೆದ್ದಿರಿ," ಎಂದಳು. "ಗಂಜಿ ಇವತ್ತಿಂದಲೇ ಕೊಡ್ತೇನೆ. ತಿಳಿನೀರು ಮಾತ್ರ. ಅಗುಳೆಲ್ಲ ನೀವು ಅಲ್ಲೇ ಮುಗಿಸಿದ್ದೀರಲ್ಲ."