ಕಸಬರಿಗೆ ಹಿಡಿದು ಆಡುವ ಆಟ

ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಸುವ ಕೆಲಸ ಹಿಡಿದವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆಗ ನಾನು ಚಳ್ಳಕೆರೆಯ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತ. ನಾಲ್ಕಕ್ಷರ ಇಂಗ್ಲಿಷ್ ಬರುತ್ತದೆ ಎಂಬ ಒಂದೇ ತಪ್ಪಿಗೆ, ನಮ್ಮ ಸೀಮೆಯ ಬಂಡೆಗಳನ್ನು ಪರೀಕ್ಷಿಸಲು ಬಂದ ಸ್ಕಾಟ್ಲೆಂಡಿನ ದೊರೆಯೊಬ್ಬನ ಜೊತೆ ಚಳಿಗಾಲ ಪೂರ್ತಿ ತಿರುಗಬೇಕಾಯಿತು.

ದೊರೆ ಒಳ್ಳೆಯವನು. ದಿನವಿಡೀ ಸುತ್ತಿಗೆ ಹಿಡಿದು ಕಲ್ಲು ಕುಟ್ಟುತ್ತಿದ್ದ. ಅವನಿಗೆ ಇದ್ದದ್ದು ಒಂದೇ ಕೊರಗು. ಅವನ ಊರಿನಲ್ಲಿ ದುಂಡನೆಯ ಕಲ್ಲನ್ನು ಜಾರಿಸಿ ಗುರಿ ಮುಟ್ಟಿಸುವ ಆಟವೊಂದಿದೆ, ಕರ್ಲಿಂಗ್ ಎಂದು ಹೆಸರು. ಅವನ ತಂದೆ ಅದರಲ್ಲಿ ಹೆಸರು ಮಾಡಿದವರು. ಕಾಲ್ಚೆಂಡು ಆಡುವ ಅಣ್ಣ ಮಾತ್ರ ಊಟಕ್ಕೆ ಕೂತಾಗ ಅಪ್ಪನ ಎದುರಿಗೇ, 'ಅದು ಆಟವೇ ಅಲ್ಲ, ಮುದುಕರ ಕಾಲಕ್ಷೇಪ' ಎಂದುಬಿಟ್ಟಿದ್ದನಂತೆ. ತಂದೆ ಅರ್ಧ ಊಟಕ್ಕೇ ಎದ್ದು ಹೋದರಂತೆ. ಅಂದಿನಿಂದ ದೊರೆ ಹೋದಲ್ಲೆಲ್ಲ ಜನರನ್ನು ಕೇಳುತ್ತಿದ್ದ, ಇದು ಆಟ ಹೌದೋ ಅಲ್ಲವೋ ಎಂದು. ನಮ್ಮವರನ್ನೂ ಕೇಳಿದ.

ಫೋಟೋ

ಮೊದಲು ಕೇಳಿದ್ದು ಪರಶುರಾಂಪುರದ ಕಡೆಯ ಒಬ್ಬ ಪಟೇಲರನ್ನು. ದೊರೆ ಪೆಟ್ಟಿಗೆಯಿಂದ ಒಂದು ಫೋಟೋ ತೆಗೆದು ಅವರ ಕೈಗೆ ಕೊಟ್ಟ. ಮೂವರು ಹಿರಿಯರು, ಮೈತುಂಬ ಉಣ್ಣೆಯ ಕೋಟು, ಮೂವರ ಕೈಯಲ್ಲೂ ಕಸಬರಿಗೆ. ಕಲ್ಲು ಬರುವ ದಾರಿಯನ್ನು ಗುಡಿಸುತ್ತಾ ಹೋದರೆ ಅದು ಇನ್ನಷ್ಟು ದೂರ ಜಾರುತ್ತದಂತೆ. ಇದನ್ನು ನಾನು ಹೇಳುವ ಮುಂಚೆಯೇ ಪಟೇಲರು ಕೇಳಿದರು, "ನಡುವೆ ನಿಂತಿರೋರು ಯಾರು?"

"ದೊರೆಗಳ ತಂದೆಯವರು."

ಪಟೇಲರು ಬಹಳ ಹೊತ್ತು ನೋಡಿ, ಫೋಟೋವನ್ನು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟರು. "ಪಾಪ, ಅಪ್ಪ ಬೀದಿ ಗುಡಿಸಿ ಮಗನ್ನ ಇಷ್ಟು ಓದಿಸವ್ನೆ. ಅದನ್ನ ಮುಚ್ಚಿಡದಂಗೆ ಫೋಟೋ ಹಿಡ್ಕಂಡು ತಿರುಗ್ತಾನಲ್ಲ, ಅದು ದೊಡ್ಡ ಗುಣ."

ಏನಂದರು ಎಂದು ದೊರೆ ಕೇಳಿದ. ನಿಮ್ಮ ತಂದೆಯವರ ಬಗ್ಗೆ ಬಹಳ ಗೌರವದಿಂದ ಮಾತಾಡಿದರು ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಗಟ್ಟಿ ನೀರು

ಚಳ್ಳಕೆರೆಯಲ್ಲಿ ಕಂಬಳಿ ವ್ಯಾಪಾರದ ಯಜಮಾನರೊಬ್ಬರು ದೊರೆಗೆ ಕಂಬಳಿ ತೋರಿಸಲು ಬಂದಿದ್ದರು. ಅವರಿಗೂ ಆಟದ ಕಥೆ ಹೇಳಬೇಕಾಯಿತು. ಚಳಿಗೆ ಅಲ್ಲಿ ಕೆರೆಯ ನೀರೆಲ್ಲ ಗಟ್ಟಿಯಾಗುತ್ತದೆ, ಅದರ ಮೇಲೆ ನಿಂತು ಆಡುತ್ತಾರೆ ಎಂದೆ. ನಾನೇ ಕಾಣದ್ದನ್ನು ಇನ್ನೊಬ್ಬರಿಗೆ ನಂಬಿಸುವುದು ಕಷ್ಟ.

"ಕೆರೆ ಮ್ಯಾಲೆ ನಡೀತಾರೇನು?"

"ನಡೀತಾರಂತೆ."

"ಮುಳುಗಲ್ಲ?"

"ಇಲ್ಲವಂತೆ."

"ವರ್ಷದಾಗೆ ಎಷ್ಟು ತಿಂಗಳು ಹಿಂಗೆ?"

ದೊರೆಯನ್ನು ಕೇಳಿ, ಚಳಿ ಜೋರಿದ್ದರೆ ಎರಡು ತಿಂಗಳು ಎಂದೆ.

ಯಜಮಾನರು ಕಂಬಳಿ ಮಡಚುತ್ತಾ ಹೇಳಿದರು, "ಅಷ್ಟೇನಾ? ನಮ್ಮ ಕೆರೆ ಮ್ಯಾಲೆ ಹತ್ತು ತಿಂಗಳು ನಡೀಬಹುದು. ಆತನ್ನ ಇಲ್ಲೇ ಇರಾಕೆ ಹೇಳು."

ಉಸ್ತಾದರ ತೀರ್ಪು

ಆಟದ ವಿಷಯ ತಿಳಿದವರನ್ನೇ ಕೇಳೋಣ ಎಂದು ದೊರೆ ಊರಿನ ಗರಡಿಮನೆಗೆ ಹೊರಟ. ಅಲ್ಲಿಯ ಉಸ್ತಾದರು ಕಲ್ಲುಗುಂಡು ಎತ್ತುವುದರಲ್ಲಿ ಸುತ್ತಲ ಊರುಗಳಿಗೆಲ್ಲ ಗೊತ್ತಿದ್ದವರು. ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು.

"ಕಲ್ಲು ಎಷ್ಟು ತೂಕ ಐತ್ರಿ?"

"ಒಂದೂವರೆ ಮಣ ಇದ್ದೀತು."

"ಅದನ್ನ ಎತ್ತಾರೇನು?"

"ಇಲ್ಲ, ತಳ್ತಾರೆ."

"ಹೂಂ," ಎಂದರು ಉಸ್ತಾದರು. "ಎತ್ತಾಕೆ ಆಗದಿದ್ರೆ ನಾವೂ ತಳ್ಳೇ ಆಚೆ ಸಾಗಿಸ್ತೀವಿ. ಅದಕ್ಕೆ ಹೆಸರು ಇಟ್ಟಿಲ್ಲ, ಅಷ್ಟೇ."

ಇದನ್ನು ಎಷ್ಟು ಮೆತ್ತಗೆ ತಿರುಗಿಸಿ ಹೇಳಿದರೂ ದೊರೆಯ ಮುಖ ಕೆಂಪಾಯಿತು. ಆಡಿ ತೋರಿಸಿಯೇ ಹೋಗುತ್ತೇನೆ ಎಂದ. ಉಸ್ತಾದರೂ, "ಎಲ್ಲಿ ಕರೆದ್ರೂ ಬರ್ತೀನಿ" ಎಂದರು.

ಅಡಿಗಲ್ಲು

ಮುಂದಿನ ಬಿಡಾರ ಮೊಳಕಾಲ್ಮೂರಿನಲ್ಲಿ. ಅಲ್ಲಿಯ ಬಂಡೆ ಮುಟ್ಟಿ ನೋಡಿ ದೊರೆಗೆ ಖುಷಿಯಾಯಿತು, ತನ್ನ ಊರಿನ ಕಲ್ಲಿನಷ್ಟೇ ಗಟ್ಟಿ ಎಂದ. ಒಬ್ಬ ಕಲ್ಲುಕುಟಿಗನನ್ನು ಕರೆಸಿ ಕಾಗದದ ಮೇಲೆ ಬರೆದು ತೋರಿಸಿದ: ದುಂಡನೆಯ ಕಲ್ಲು, ತಳ ನುಣ್ಣಗೆ, ಮೇಲೆ ಒಂದು ಹಿಡಿ. ಆತ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಮಾತಾಡುವ ವಯಸ್ಸಾದ ಮನುಷ್ಯ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಸರೇ ದೊರ" ಎಂದು ಹೋದ.

ಎಂಟು ದಿನಕ್ಕೆ ಗಾಡಿಯಲ್ಲಿ ಬಂದ. ದೊರೆ ಹೇಳಿದ್ದು ಒಂದು ಕಲ್ಲು, ಇಳಿಸಿದ್ದು ಎರಡು. ಇನ್ನೊಂದು ಯಾಕೆ ಎಂದು ಕೇಳಿದೆ.

ಆತ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ, "ಮ್ಯಾಗಿನ ಕಲ್ಲು ಒಂದೇ ಇಟ್ಕಂಡು ರಾಗಿ ಹೆಂಗೆ ಬೀಸ್ತಾರೆ ಸ್ವಾಮಿ? ದೊರ ಮರೆತವ್ರೆ. ಅಡಿಗಲ್ಲೂ ಮಾಡ್ಕಂಡು ಬಂದೆ. ಅವರಿಗೆ ನಾಚಿಕೆ ಆಗ್ತೈತೆ, ಹೇಳಬ್ಯಾಡಿ."

ನಾನು ಹೇಳಲಿಲ್ಲ. ಕಲ್ಲುಕುಟಿಗನ ಧಾರಾಳವನ್ನು ದೊರೆ ಬಹಳ ದಿನ ಹೊಗಳುತ್ತಿದ್ದ.

ಸಾಬೂನು ನೀರು

ಕಲ್ಲು ಬಂತು, ಗಟ್ಟಿ ನೀರಿಗೆ ಏನು ಮಾಡುವುದು? ಅದನ್ನು ನೇಕಾರರ ಕೇರಿ ಬಗೆಹರಿಸಿತು. ಕೇರಿಯ ಹಿಂದೆ ಅಂಗಳದಂತೆ ಹಾಸಿದ ಬಂಡೆ. ರೇಷ್ಮೆ ಬೇಯಿಸಿದ ಸಾಬೂನು ನೀರನ್ನು ಅಲ್ಲೇ ಚೆಲ್ಲುತ್ತಿದ್ದರು. ಗೊತ್ತಿಲ್ಲದವರು ಕಾಲಿಟ್ಟರೆ ಕೂತೇ ಏಳಬೇಕು. ದೊರೆ ಒಮ್ಮೆ ಕೂತು ಎದ್ದು, ಇದೇ ಜಾಗ ಎಂದ.

ಉಸ್ತಾದರಿಗೆ ಹೇಳಿಕಳಿಸಿದೆವು. ಅವರು ಗಾಡಿ ಕಟ್ಟಿಸಿಕೊಂಡು ಬಂದರು. ಕೇರಿಯ ಜನವೆಲ್ಲ ಮಗ್ಗ ನಿಲ್ಲಿಸಿ ಸೇರಿತು. ಬಂಡೆಯ ಮೇಲೆ ತರಗೆಲೆ, ನೂಲಿನ ಚೂರು, ಕುರಿಹಿಕ್ಕೆ ಎಲ್ಲವೂ ಇದ್ದವು. ಕಲ್ಲಿನ ಮುಂದೆ ಗುಡಿಸಲು ಇಬ್ಬರು ಬೇಕು ಎಂದೆ. ಗಂಡಸರೆಲ್ಲ ಬೇರೆ ಕಡೆ ನೋಡಿದರು. ಕೊನೆಯ ಮನೆಯ ಅಜ್ಜಿಯೊಬ್ಬಳು, ಆ ಬಂಡೆಯನ್ನು ದಿನಾ ಗುಡಿಸುವವಳು, ತನ್ನ ಕಸಬರಿಗೆಯನ್ನು ದೊರೆಗೇ ಕೊಟ್ಟು ಜಗಲಿಯ ಮೇಲೆ ಕೂತಳು.

ಉಸ್ತಾದರು ಕಚ್ಚೆ ಬಿಗಿದು ಕಲ್ಲು ತಳ್ಳಿದರು. ಅದು ಗುರಿ ದಾಟಿ ಬೇಲಿಗೆ ನುಗ್ಗಿತು. ದೊರೆ ನಕ್ಕ. ಎರಡನೆಯ ಸಲ ಮೆಲ್ಲಗೆ ಬಿಟ್ಟರು, ಅರ್ಧಕ್ಕೇ ನಿಂತಿತು. ಉಸ್ತಾದರು ಕಲ್ಲನ್ನೇ ನೋಡುತ್ತಾ ನಿಂತರು. "ಇದರಾಗೆ ಏನೋ ಐತ್ರಿ," ಎಂದರು. ಮೂರನೆಯ ಸಲ ದೊರೆ ಕಲ್ಲು ಬಿಟ್ಟ, ಉಸ್ತಾದರೇ ಕಸಬರಿಗೆ ಕಿತ್ತುಕೊಂಡು ಬಗ್ಗಿ ಗುಡಿಸುತ್ತಾ ಓಡಿದರು. ಕಲ್ಲು ಗುರಿಯ ನಡುವೆ ಬಂದು ನಿಂತಿತು. ಆಮೇಲೆ ಇಬ್ಬರಿಗೂ ಬಿಸಿಲಿನ ಪರಿವೆಯೇ ಇರಲಿಲ್ಲ. ಇನ್ನೊಂದು ಕಸಬರಿಗೆ ತರಿಸಿದರು. ಮಧ್ಯಾಹ್ನದ ಹೊತ್ತಿಗೆ ಬಂಡೆಯ ಮೇಲೆ ಒಂದು ಎಲೆ ಇರಲಿಲ್ಲ.

ದೊರೆ ಬೆವರು ಒರೆಸಿಕೊಂಡು, ಆ ತಾಯಿಯನ್ನೂ ಒಂದು ಮಾತು ಕೇಳು ಎಂದ.

"ಅವ್ವಾ, ಇದು ಆಟ ಹೌದೋ ಅಲ್ಲವೋ, ದೊರೆಗಳು ಕೇಳ್ತಾರೆ."

ಅಜ್ಜಿ ಬಂಡೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು.

"ಭಾಳ ಒಳ್ಳೆ ಆಟ ಕಣಪ್ಪ. ಆ ಕಡೆ ಬಾವಿತನಕ ಆಡಾಕೆ ಹೇಳು."

ನಾನು ಎರಡೂ ಮಾತನ್ನು ಇದ್ದಂತೆಯೇ ತಿಳಿಸಿದೆ. ದೊರೆ ಟೋಪಿ ತೆಗೆದು ಅವಳಿಗೆ ವಂದಿಸಿ, ಬಾವಿತನಕ ಆಡಿದ.