ಮೊದಲ ಪದ ನಮ್ಮ ಮನೆಯದು

ಮೊಹರಂ ಅಳುವ ಹಬ್ಬ. ಆದರೆ ಪ್ರತಿವರ್ಷ ಸರಿಯಾಗಿ ಆ ಹೊತ್ತಿಗೇ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆಯುವ ಪ್ರಸಂಗ ಒಂದಲ್ಲ ಒಂದು ಬಂದೇ ಬರುತ್ತದೆ. ತಪ್ಪು ಹಬ್ಬದ್ದಲ್ಲ, ನಮ್ಮ ಮನೆಯದು.

ನಮ್ಮದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಶೈವರ ಮನೆ. ಹಣೆಗೆ ವಿಭೂತಿ, ಬಾಯಲ್ಲಿ ರಿವಾಯತ ಪದ. ಕರ್ಬಲಾದಲ್ಲಿ ನೀರಿಲ್ಲದೆ ಬಳಲಿ ಮಡಿದ ಹುಸೇನರ ಮತ್ತು ಅವರ ಮಕ್ಕಳ ದುಃಖವನ್ನು ಕನ್ನಡದಲ್ಲಿ ಹಾಡುವ ಈ ಪದಗಳನ್ನು ನಮ್ಮ ಕಡೆ ಸಾಬರೂ ಹಾಡುತ್ತಾರೆ, ನಾವೂ ಹಾಡುತ್ತೇವೆ. ಹಬ್ಬದ ಕೊನೆಗೆ ಪೀರಲ ದೇವರು, ಅಂದರೆ ಮಸೂತಿಯಲ್ಲಿ ಕೂಡಿಸಿದ ಪಂಜಾಗಳು, ಹೊಳೆಗೆ ಹೋಗುವ ದಿನ ಮೊದಲ ಪದ ಹಾಡುವ ಹಕ್ಕು ನನ್ನ ಮಾವನವರ ಕಾಲದಿಂದ ನಮ್ಮ ಮನೆಯದು. ಈಗ ಹಾಡುವವರು ನಮ್ಮ ಯಜಮಾನರು. ನಾನು ಬಿ.ಎ. ಓದಿದವಳು, ನಡೆದದ್ದನ್ನು ಅದೇ ದಿನ ಬರೆದಿಡುವ ರೂಢಿ ಇದೆ. ಹಾಗಾಗಿ ಇಲ್ಲಿ ಉಪ್ಪುಖಾರ ಹಚ್ಚಿಲ್ಲ. ಹಚ್ಚುವ ಅಗತ್ಯವೂ ಬೀಳಲಿಲ್ಲ.

ಗಿರಣಿಯ ಅಭ್ಯಾಸ

ಯಜಮಾನರು ಅಭ್ಯಾಸ ಮಾಡುವುದು ಗಿರಣಿಯಲ್ಲಿ, ಯಂತ್ರ ಓಡುವಾಗ. ಆ ಸದ್ದಿನಲ್ಲಿ ಹಾಡಿದರೆ ದನಿ ಗಟ್ಟಿಯಾಗುತ್ತದಂತೆ. ಹಮಾಲರು ಈ ಬಗ್ಗೆ ಎಂದೂ ದೂರಿಲ್ಲ, ಏಕೆಂದರೆ ಅವರಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ.

ಕಳೆದ ವರ್ಷ ಅವರು ಕಣ್ಣು ಮುಚ್ಚಿ, ಕೈ ಎತ್ತಿ, ಪದದ ಅತಿ ದುಃಖದ ನುಡಿಯನ್ನು ಏರುದನಿಯಲ್ಲಿ ಹಿಡಿದಿದ್ದಾಗ ಕರೆಂಟು ಹೋಯಿತು. ಯಂತ್ರ ನಿಂತಿತು. ಯಜಮಾನರು ನಿಲ್ಲಲಿಲ್ಲ.

ಚೀಲ ಇಳಿಸುತ್ತಿದ್ದ ಹಮಾಲರೆಲ್ಲ ಬಿದ್ದಂಬೀಳ ಓಡಿಬಂದರು. "ಏನಾತ್ರಿ ಸಾವ್ಕಾರ್ರ! ಬೆಲ್ಟಿಗೆ ಕೈ ಸಿಕ್ತೇನ್ರಿ?"

ಮೌನವ್ರತ

ಅದೇ ಅಭ್ಯಾಸದಲ್ಲಿ ಗಂಟಲು ಕೆಟ್ಟಿತು. ಹೊಸಪೇಟೆಯ ಡಾಕ್ಟರು ನೋಡಿ, "ಹಬ್ಬದ ತನಕ ಒಂದ್ ಮಾತೂ ಆಡಬ್ಯಾಡ್ರಿ" ಅಂದರು. ಮನೆಯಲ್ಲಿ ಯಾರೂ ಈ ಕಟ್ಟುನಿಟ್ಟನ್ನು ವಿರೋಧಿಸಲಿಲ್ಲ.

ಸುದ್ದಿ ತಿಳಿದು, ಮಸೂತಿ ನೋಡಿಕೊಳ್ಳುವ ಮುಜಾವರರು ಮನೆಗೆ ಬಂದರು. ಚಹಾ ಕುಡಿದು, ಮೆಲ್ಲಗೆ ವಿಷಯ ತೆಗೆದರು. "ಸಾವ್ಕಾರ್ರ, ಹೋದ ವರ್ಷ ನೀವು ಹಾಡೂ ಮುಂದ ಹೆಂಗಸ್ರು ಬಾಳೆಹಣ್ಣು ತಿಂತಿದ್ರು. ಒಬ್ರ ಕಣ್ಣೂ ಒದ್ದಿ ಆಗ್ಲಿಲ್ಲ. ಮಲಪನಗುಡಿ ಮೇಳದವ್ರು ಮೊದಲ ಪದ ನಮಗ ಕೊಡ್ರಿ ಅಂತ ಕೇಳಾಕತ್ಯಾರ."

ಯಜಮಾನರ ಮುಖ ಕೆಂಪಾಯಿತು. ಅಪ್ಪನಿಂದ ಬಂದ ಹಕ್ಕು ಕಣ್ಣೆದುರೇ ಹೋಗುತ್ತಿದೆ, ಬಾಯಿ ಬಿಡುವಂತಿಲ್ಲ. ನಾನೇ ಹೇಳಿದೆ: "ಅಣ್ಣಾರ, ಈ ವರ್ಷನೂ ಅವ್ರ ಹಾಡ್ತಾರ."

"ಅವ್ರು ಏನೂ ಅನ್ಲಿಲ್ಲಲ್ರಿ ಅಕ್ಕಾರ?"

"ದನಿ ಇದ್ದಾಗೂ ಅವ್ರು ಏನಂತಾರಂತ ನಾನ ಹೇಳ್ತಿದ್ದೆ."

ಮುಜಾವರರು ಎದ್ದರು. "ಆತು. ಈ ಸಲ ಅಳು ಬಂದ್ರ ಹಕ್ಕು ನಿಮ್ದ. ಬರಲಿಲ್ಲಂದ್ರ ಮುಂದಿನ ವರ್ಷದಿಂದ ಮಲಪನಗುಡಿಯವ್ರಿಗೆ."

ಪಕ್ಕದ ಮನೆಯ ಬೀಬಿ

ಅಳುವವರನ್ನು ಗೊತ್ತು ಮಾಡುವುದು ಓದಿದವರ ಲಕ್ಷಣವಲ್ಲ. ಆದರೂ ಪಕ್ಕದ ಮನೆಯ ಬೀಬಿಯನ್ನು ಮಾತಾಡಿಸಿ ಬಂದೆ, ಬರೀ ಕುಶಲ ವಿಚಾರಿಸಲು. ಅವರ ಅಳು ಓಣಿಗೆಲ್ಲ ಹೆಸರುವಾಸಿ. ಒಂದೇ ತೊಂದರೆ, ಹಾಡು ಶುರುವಾಗುವ ಮೊದಲೇ ಅಳು ಮುಗಿದಿರುತ್ತದೆ.

"ಈ ವರ್ಷ ಪದ ಮುಗಿಯೋತನಕ ತಡೀರಿ ಆಪಾ" ಅಂದೆ.

"ಹೆಂಗ ತಡೀಲಿ ಅಕ್ಕಾ? ಸಾವ್ಕಾರ್ರು ಗಂಟಲ ಸರಿ ಮಾಡ್ಕೊಂಡ್ರ ಸಾಕು, ಮುಂದ ಏನೈತಿ ಅಂತ ನಂಗ ಗೊತ್ತೈತಲ್ಲ!"

ಕರ್ಬಲಾದ ಬಗ್ಗೆ ಹೇಳಿದರೋ, ನಮ್ಮ ಯಜಮಾನರ ಬಗ್ಗೆಯೋ, ನಾನು ಕೇಳಲಿಲ್ಲ.

ಹೊಳೆಯ ದಂಡೆ

ದೇವರು ಹೊಳೆಗೆ ಹೊರಟ ದಿನ ಬಿಸಿಲು ಹೆಂಚು ಕಾದಂತೆ ಕಾದಿತ್ತು. ಹೊಳೆಯ ದಂಡೆಯಲ್ಲಿ ಮೈಕು, ಪಕ್ಕದಲ್ಲಿ ಹಲಗೆ ಬಾರಿಸುವವರು. ಮುಂದೆ ಯಜಮಾನರು, ಹಿಂದೆ ದನಿ ಕೂಡಿಸಲು ನಮ್ಮ ಗಿರಣಿಯ ಹಮಾಲರು. ಹಳೆಯ ಮೇಳದವರಿಗೆ ವಯಸ್ಸಾಗಿ, ಇವರು ಹೊಸದಾಗಿ ಸೇರಿದವರು. ಗಂಟಲು ಕೆಡುವ ಮೊದಲು ಯಜಮಾನರು ಅವರಿಗೆ ಕಲಿಸಿದ್ದು ಒಂದೇ ಪಾಠ: "ನಾ ಅಂದದ್ದನ್ನ ಹಂಗ ಅನ್ರಿ. ನಡುವ ನಿಮ್ಮ ಬುದ್ಧಿ ಹಚ್ಚಬ್ಯಾಡ್ರಿ."

ಪದ ಶುರುವಾಯಿತು. ಹೆಂಗಸರು ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಕುಳಿತಿದ್ದರು. ಬೀಬಿ ಮನೆಯಲ್ಲೇ ಅತ್ತು ಬಂದಿದ್ದರು. ಮುಜಾವರರು ಒಂದೊಂದೇ ಕಣ್ಣನ್ನು ಪರೀಕ್ಷಿಸುತ್ತಿದ್ದರು, ಎಲ್ಲವೂ ಒಣಗಿದ್ದವು. ಅದಕ್ಕಿಂತ ಹೆಚ್ಚು ಒಣಗಿದ್ದು ಯಜಮಾನರ ಗಂಟಲು. ಹುಸೇನರ ಮಕ್ಕಳು ಬಾಯಾರಿದ ನುಡಿಗೆ ಬರುವಷ್ಟರಲ್ಲಿ ದನಿ ಸಿಕ್ಕಿಕೊಂಡಿತು. ಅವರು ಹಿಂದೆ ತಿರುಗಿ ಒಡೆದ ದನಿಯಲ್ಲಿ ಅಂದರು: "ನೀರ್ ಕೊಡ್ರಿ..."

ಹಮಾಲರು ಬುದ್ಧಿ ಹಚ್ಚಲಿಲ್ಲ. ಹಲಗೆಯ ಗತ್ತಿಗೆ ಸರಿಯಾಗಿ ಎತ್ತಿದರು: "ನೀರ್ ಕೊಡ್ರೀ..."

"ಲೇ, ನನಗ ನೀರು ಬೇಕ್ರಲೇ!"

"ಲೇ, ನನಗ ನೀರು ಬೇಕ್ರಲೇ..."

"ಸಾಯ್ತೀನ್ರಲೇ ನಾನು!"

"ಸಾಯ್ತೀನ್ರಲೇ ನಾನು..."

ಮೊದಲು ಒಬ್ಬ ಮುದುಕಿ ಬಿಕ್ಕಿದಳು. ಆಮೇಲೆ ಇಡೀ ದಂಡೆ ಅತ್ತಿತು. ಬೀಬಿ ಮತ್ತೆ ಮೊದಲಿಂದ ಶುರು ಮಾಡಿದರು. ನಾನು ತಂಬಿಗೆ ಹಿಡಿದು ಓಡಿದರೆ ಹೆಂಗಸರು ಸೀರೆ ಹಿಡಿದು ಎಳೆದರು: "ಕುಂದ್ರಬೇ ತಂಗಿ, ಎಂಥಾ ಪದ ನಡದೈತಿ!" ಯಜಮಾನರು ನನ್ನ ತಂಬಿಗೆಯತ್ತ ಕೈ ಚಾಚಿದರು. ಅದನ್ನು ನೋಡಿ ಗಂಡಸರೂ ಅಳತೊಡಗಿದರು. ನನ್ನ ಹೆಗಲು ನಗುವಿನಿಂದ ಕುಣಿಯುತ್ತಿತ್ತು. ಬೀಬಿ ಅಪ್ಪಿಕೊಂಡು, "ಸಮಾಧಾನ ಮಾಡ್ಕೋ ಅಕ್ಕಾ" ಅಂದರು.

ಮುಜಾವರರು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು ಯಜಮಾನರ ಕೈ ಹಿಡಿದರು. "ಹಕ್ಕು ನಿಮ್ದ ಸಾವ್ಕಾರ್ರ. ಆದ್ರ ಮುಂದಿನ ವರ್ಷನೂ ಇದ ಪದ ಆಗಬೇಕು."

ಈ ವರ್ಷದ ಅಭ್ಯಾಸ ಶುರುವಾಗಿದೆ. ನಿನ್ನೆ ಅದೇ ನುಡಿಯಲ್ಲಿ, ಅದೇ ಒಡೆದ ದನಿಯಲ್ಲಿ "ನೀರ್ ಕೊಡ್ರಿ" ಎಂದು ಹಾಡುತ್ತಿದ್ದರು. ಪಾಪ ಅನ್ನಿಸಿ ತಣ್ಣನೆಯ ತಂಬಿಗೆ ಮುಂದಿಟ್ಟೆ. ಕಣ್ಣು ಬಿಟ್ಟು ನೋಡಿ, ಸಿಟ್ಟಿನಿಂದ ಅಂದರು: "ಹಾಡೂ ಮುಂದ ನಡುವ ನೀರ್ ಯಾಕ ತರ್ತೀ?"