ಮಾವನ ಕಂಪ್ಯೂಟರಿಗೆ ಎಲ್ಲಿ ನೋವು?

ನಮ್ಮ ಸೋದರಮಾವ ಕಂಪ್ಯೂಟರಿನ ಮೇಲೆ ರೇಗಿದ್ದನ್ನು ಮಧುಗಿರಿಯಲ್ಲಿ ಯಾರಾದರೂ ಕಂಡಿದ್ದರೆ ದಯವಿಟ್ಟು ಬನ್ನಿ, ಕೂರಿಸಿ ಒಬ್ಬಟ್ಟು ಬಡಿಸುತ್ತೇನೆ! ಅತ್ತೆಯ ಮೇಲೆ ರೇಗುತ್ತಾರೆ, ಕರೆಂಟಿನ ಮೇಲೆ ರೇಗುತ್ತಾರೆ, ನನ್ನ ಮೇಲೆ ರೇಗುವುದನ್ನಂತೂ ವ್ಯಾಯಾಮ ಅಂದುಕೊಂಡಿದ್ದಾರೆ. ಕಂಪ್ಯೂಟರಿನ ಮೇಲೆ ಮಾತ್ರ ಇಲ್ಲ. ಪಾಪ, ಅದು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರೆ?

ಕೋರ್ಟಿನ ಎದುರಿನ ಸಾಲಿನಲ್ಲಿ ಮಾವನದೊಂದು ಟೈಪಿಂಗ್ ಅಂಗಡಿ. ಕತ್ತೆತ್ತಿದರೆ ಬೋಳು ಬೆಟ್ಟ, ಇಳಿಸಿದರೆ ಕಕ್ಷಿದಾರರು. ಅರ್ಜಿ, ಪ್ರಮಾಣಪತ್ರ, ವಕಾಲತ್ತು ಎಲ್ಲವನ್ನೂ ಟೈಪು ಮಾಡಿಕೊಡುತ್ತಾರೆ. ನಾನು ಬಿ.ಕಾಂ. ಮುಗಿಸಿ ಅಲ್ಲೇ ಒಂದು ಸ್ಟೂಲು ಹಿಡಿದಿದ್ದೇನೆ. ಲಾಯರುಗಳ ಕೆಮ್ಮಿನಿಂದ ಹಿಡಿದು ಕಂಡಕ್ಟರನ 'ತುಮ್ಕೂರ್ ತುಮ್ಕೂರ್' ತನಕ ಎಲ್ಲರ ಧ್ವನಿಯ ಅಣಕವೂ ನನಗೆ ಬರುತ್ತದೆ. ಕೆಲಸಕ್ಕೆ ಕರೆ ಮಾತ್ರ ಇನ್ನೂ ಬಂದಿಲ್ಲ.

ಕಂಪ್ಯೂಟರಿಗೆ ಏನಾದರೂ ಆದೀತೆಂಬ ಮಾವನ ಭಯಕ್ಕೆ ಕಾರಣ ನಾನಲ್ಲ, ಕಂಪ್ಯೂಟರಿನೊಳಗೇ ಇರುವ ತಪಾಸಣಾ ಸಲಕರಣೆಗಳು. ಎಲ್ಲ ಕಂಪ್ಯೂಟರಿನಲ್ಲೂ ಅವು ಇರುತ್ತವೆ, ಯಾರೂ ಅತ್ತ ಸುಳಿಯುವುದಿಲ್ಲ. ನೀವು ನಿಮ್ಮ ಮನೆಯ ಅಟ್ಟದ ಮೂಲೆಗೆ ಹೋಗಿ ನೋಡುತ್ತೀರಾ? ಮಾವ ಹೋದರು. ಅಲ್ಲೊಂದು ದಾಖಲೆ ಪಟ್ಟಿ ಇತ್ತು, ತುಂಬ ಕೆಂಪು ಗುರುತು! ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಅಂಥ ಕೆಂಪು ಗುರುತುಗಳು ಬೇಕಾದಷ್ಟಿರುತ್ತವೆ ಎಂದು ನಾನು ಬಡಿದುಕೊಂಡೆ. ಕೇಳಿದರೆ ತಾನೆ? ಅವತ್ತು ಮಾವ ಮುದ್ದೆ ಮುಟ್ಟಲಿಲ್ಲ.

ಆಮೇಲೆ ಸಿಕ್ಕಿದ್ದು ಗ್ರಾಫು. ಕಂಪ್ಯೂಟರು ಎಷ್ಟು ನೆಟ್ಟಗಿದೆ ಎಂದು ಅದೇ ತನಗೆ ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟುಕೊಳ್ಳುತ್ತದೆ. ಬೆಳಿಗ್ಗೆ ದೀಪ ಹಚ್ಚುವುದಕ್ಕೂ ಮೊದಲು ಮಾವ ಅದನ್ನು ನೋಡಬೇಕು, ನೋಡಿ ಮನೆಗೆ ಫೋನು ಮಾಡಬೇಕು.

"ನೆನ್ನೆ ಎಂಟಿತ್ತು, ಇವತ್ತು ಆರಕ್ಕೆ ಇಳ್ದೈತೆ ಕಣೇ!"

"ನನ್ ಬಿಪಿ ಎಷ್ಟೈತೆ ಅಂತ ಒಂದಿನಾನಾದ್ರೂ ಕೇಳಿದೀರೇನ್ರೀ?" ಅತ್ತೆಯ ಧ್ವನಿ ಪಕ್ಕದ ಜೆರಾಕ್ಸ್ ಅಂಗಡಿಗೂ ಕೇಳುತ್ತದೆ.

"ನಿಂದು ಗ್ರಾಫ್ ಬರಲ್ವಲ್ಲೇ!"

ಈ ವಿದ್ಯೆ ಮನೆಗೂ ಬಂತು. ಒಂದು ದಿನ ಮಿಕ್ಸಿ ನಿಂತುಹೋಯಿತು. ಮಾವ ಕನ್ನಡಕ ಏರಿಸಿ ಹೇಳಿದರು: "ಗಾಬರಿ ಬೀಳ್ಬ್ಯಾಡ. ಸುತ್ತಮುತ್ತ ಬ್ಯಾಡದ್ದು ಏನೇನೈತೋ ಒಂದೊಂದೇ ಆಚೆ ಹಾಕ್ತಾ ಬರ್ಬೇಕು. ಯಾವ್ದು ಹೋದ್ಮೇಲೆ ಸರಿ ಹೋಯ್ತದೋ ಅದೇ ಕಾರಣ."

"ಹಂಗಾರೆ ಮೊದ್ಲು ನೀವ್ ಆಚೆ ಹೋಗಿ" ಎಂದರು ಅತ್ತೆ.

ಮಾವ ಹೊರಗೆ ಕಾಲಿಟ್ಟರು. ಮಿಕ್ಸಿ ತಿರುಗಿತು! ಬಿಸಿಯಾಗಿದ್ದದ್ದು ಆರಿತ್ತು ಅಷ್ಟೆ. ಆದರೆ ಅತ್ತೆ ಇವತ್ತಿಗೂ ಚಟ್ನಿ ರುಬ್ಬುವಾಗ ಅವರನ್ನು ಒಳಗೆ ಬಿಡುವುದಿಲ್ಲ.

ನಗು ಇಲ್ಲಿಗೆ ಸಾಕು. ಆ ಶುಕ್ರವಾರ ಯಾರಿಗೂ ನಗು ಬರಲಿಲ್ಲ.

ಮಿಡಿಗೇಶಿ ಕಡೆಯ ಒಬ್ಬ ತಾಯಿ ಬೆಳಿಗ್ಗೆಯಿಂದ ನಮ್ಮ ಬೆಂಚಿನ ಮೇಲಿದ್ದರು. ಮಗ ಬಡವನಹಳ್ಳಿ ಸಂತೆಯಲ್ಲಿ ಯಾರದೋ ಜಗಳ ಬಿಡಿಸಲು ಹೋಗಿದ್ದಾನೆ. ಪೊಲೀಸರು ಬಂದಾಗ ಹೊಡೆದವರು ಓಡಿದ್ದಾರೆ, ಬಿಡಿಸಿದವನು ಸಿಕ್ಕಿದ್ದಾನೆ. ಜಾಮೀನು ಅರ್ಜಿಯ ಜೊತೆ ತಾಯಿಯದೊಂದು ಪ್ರಮಾಣಪತ್ರ ಹೋಗಬೇಕು. ಮರುದಿನ ಎರಡನೇ ಶನಿವಾರ, ಅದರ ಮರುದಿನ ಭಾನುವಾರ. ಇವತ್ತು ತಪ್ಪಿದರೆ ಹುಡುಗ ಸೋಮವಾರದ ತನಕ ಒಳಗೆ. ಉಳಿದ ಟೈಪಿಂಗ್ ಅಂಗಡಿಗಳ ಮುಂದೆ ರಸ್ತೆಯವರೆಗೆ ಜನ.

ಅಂಥ ಹೊತ್ತಿನಲ್ಲಿ ಮಾವನ ಟೈಪಿಂಗ್ ಸಾಫ್ಟ್‌ವೇರ್ ಎರಡು ಸಾಲು ಬರೆದು ಬಿಳುಚಿಕೊಂಡಿತು. 'ಕೆಲಸ ನಿಲ್ಲಿಸಿದೆ' ಎಂದಿತು, ಮಾಯವಾಯಿತು. ಮತ್ತೆ ತೆರೆದರು. ಮತ್ತೆ ಎರಡು ಸಾಲು, ಮತ್ತೆ ಮಾಯ.

"ಅಣ್ಣ, ಏನಾಯ್ತಣ್ಣ?" ಎಂದರು ಆ ತಾಯಿ.

"ಏನಿಲ್ಲ ಕಣವ್ವ, ವಸಿ ಸುಸ್ತು ಅದ್ಕೆ" ಎಂದರು ಮಾವ. ಸುಸ್ತು ಯಾರಿಗೆ ಎಂಬುದು ಅವರ ಹಣೆಯ ಬೆವರು ನೋಡಿದರೆ ಗೊತ್ತಾಗುತ್ತಿತ್ತು.

ಮೊದಲು ರಿಪೇರ್ ಒತ್ತಿದರು. ಹಸಿರು ಪಟ್ಟಿ ತೆವಳಿತು, ನಿಂತಿತು, ತೆವಳಿತು. ನಾವೆಲ್ಲ ಆಪರೇಷನ್ ಕೋಣೆಯ ಹೊರಗೆ ನಿಂತವರ ಹಾಗೆ ನಿಂತೆವು. 'ರಿಪೇರಿ ಮುಗಿದಿದೆ' ಎಂದು ಬಂತು. ತೆರೆದರೆ, ಎರಡು ಸಾಲು, ಮಾಯ! ಸೇಫ್ ಮೋಡಿನಲ್ಲಿ ತೆರೆದರು. ಅಲ್ಲಿ ಬಂಗಾರದಂತೆ ನಡೆಯಿತು. ಆದರೆ ಸೇಫ್ ಮೋಡಿನಲ್ಲಿ ಸಾಫ್ಟ್‌ವೇರಿಗೆ ಹೊರಗಿನಿಂದ ಅಂಟಿಸಿದ ಆಡ್-ಇನ್ ಒಂದೂ ಏಳುವುದಿಲ್ಲ, ನಮಗೆ ಕನ್ನಡ ಮೂಡಿಸುವುದೂ ಅಂಥದೇ ಒಂದು. ಇಂಗ್ಲಿಷಿನಲ್ಲಿ ಬರೆಯಲು ಆ ತಾಯಿ ಲಂಡನ್ನಿನಿಂದ ಬಂದವರೇ?

"ಮಾವ, ಇದು ಆಡ್-ಇನ್‌ಗಳದ್ದೇ ಕಿತಾಪತಿ. ಕನ್ನಡದ್ದು ಬಿಟ್ಟು ಎಲ್ಲಾ ಆಫ್ ಮಾಡಿ" ಎಂದೆ.

ಪಟ್ಟಿ ತೆರೆದರು. ಅಯ್ಯೋ, ಅದೇನು ಸಂಸಾರ! ಯಾರಿಗೂ ಬೇಡ ಎನ್ನಲಾರದ ಮಾವ ಬಂದವರೆಲ್ಲ ಕೊಟ್ಟಿದ್ದನ್ನು ಹಾಕಿಸಿಕೊಂಡಿದ್ದರು. ವಿಮೆ ಏಜೆಂಟರ ಪಂಚಾಂಗ, ಲಗ್ನಪತ್ರಿಕೆಯವರ ಹೂಬಳ್ಳಿ ಅಂಚು, ಮೇಷ್ಟರ ಇಂಗ್ಲಿಷ್ ತಿದ್ದುಪಡಿ.

"ಅವರಿಗೆ ಬೇಜಾರಾಯ್ತದೆ ಕಣ್ಲಾ."

"ಅವರೇನ್ ಬಂದು ನೋಡ್ತಾರಾ ಮಾವ? ಆಫ್ ಮಾಡಿ!"

ಒಂದೊಂದಾಗಿ ಆಫ್ ಮಾಡಿದರು, ಒಂದೊಂದಕ್ಕೂ ಬಾಯಲ್ಲಿ "ತಪ್ಪು ತಿಳ್ಕಾಬ್ಯಾಡ." ಆದರೂ ಮಾಯ. ಅಷ್ಟರಲ್ಲಿ ಆ ತಾಯಿಯ ಕೇಸು ಹಿಡಿದಿದ್ದ ಲಾಯರಮ್ಮ ಕೋಟು ಸರಿಮಾಡಿಕೊಳ್ಳುತ್ತಾ ಬಾಗಿಲಿಗೆ ಬಂದರು. "ಏನ್ರೀ ಇದು? ಕೋರ್ಟ್ ಆಫೀಸ್ನೋರು ಅರ್ಜಿ ತಗೊಳೋದು ನಿಲ್ಲಿಸ್ಬಿಡ್ತಾರೆ!" ತಾಯಿ ಬೆಂಚಿನಿಂದ ಎದ್ದೇಬಿಟ್ಟರು. 

ಕನ್ನಡದ್ದು ಬಿಟ್ಟರೆ ಪಟ್ಟಿಯಲ್ಲಿ ಉಳಿದಿದ್ದು ಒಂದೇ: ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಆಡ್-ಇನ್. ಮಾವ ಮೌಸಿನಿಂದ ಕೈ ತೆಗೆದರು.

"ಅದೇ ಮಾವ, ಅದೊಂದೇ ಉಳಿದಿರೋದು!"

"ಗೊತ್ತು ಕಣ್ಲಾ" ಎಂದರು ಮೆಲ್ಲಗೆ. "ಕೆಂಪು ಗುರುತಿನ ಪಕ್ಕದಾಗೆ ದಿನಾ ಇದ್ರ ಹೆಸ್ರೇ ಬತ್ತಾ ಐತೆ."

ಗೊತ್ತಿದ್ದೂ ಇಟ್ಟುಕೊಂಡಿದ್ದಾರೆ! ಅದಕ್ಕೊಂದು ಕಾರಣವೂ ಇತ್ತು.

ಪ್ರಮಾಣಪತ್ರದ ಕೊನೆಯಲ್ಲಿ ಒಂದು ಸಾಲು ಇರುತ್ತದೆ: 'ಇದನ್ನು ನನಗೆ ಓದಿ ಹೇಳಲಾಗಿದ್ದು, ಕೇಳಿ ಸರಿಯಿದೆಯೆಂದು ಒಪ್ಪಿರುತ್ತೇನೆ.' ಕೋರ್ಟಿನ ಎದುರಿನ ಅಂಗಡಿಗಳಲ್ಲೆಲ್ಲ ಅದು ತಾನಾಗಿ ಅಚ್ಚಾಗಿ ಬರುತ್ತದೆ. ಓದುವ ಗೋಜಿಗೆ ಯಾರೂ ಹೋಗುವುದಿಲ್ಲ, ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತಾರೆ. ನಮ್ಮ ಮಾವನಿಗೆ ಮಾತ್ರ ಆ ಸಾಲು ನಿಜವಾಗಬೇಕು. ಕೇಳಿಸದೆ ಯಾರ ಹೆಬ್ಬೆಟ್ಟನ್ನೂ ಅವರು ಮಸಿಗೆ ಅದ್ದಿದವರಲ್ಲ.

"ನೀವೇ ಓದಿ ಹೇಳಿದ್ರಾಯ್ತಲ್ಲ ಮಾವ."

"ನಾನ್ ಓದಿದ್ರೆ ಗಂಟ್ಲು ನಡುಗ್ತದೆ ಕಣ್ಲಾ. ಕೇಳ್ದೋರು ಕೇಸು ಕೆಟ್ಟೋಯ್ತೇನೋ ಅಂತ ಹೆದರ್ಕತಾರೆ. ಅದುಕ್ಕೆ ಇದ್ರ ಕೈಲಿ ಓದಿಸ್ತೀನಿ. ಇದುಕ್ಕೆ ಭಯ ಇಲ್ಲ."

ಅಷ್ಟು ಹೇಳಿ, ತಾವೇ ಅದನ್ನು ಆಫ್ ಮಾಡಿದರು. ತೆರೆದರು. ಎರಡು ಸಾಲು. ಮೂರನೆಯ ಸಾಲು. ನಾಲ್ಕನೆಯದು! ಬೆರಳುಗಳು ಓಡಿದವು, ಪ್ರಿಂಟರು ಕರಕರ ಅಂದಿತು, ಹಾಳೆ ಬಂತು. ಅರ್ಜಿ ಅವತ್ತೇ ಒಳಗೆ ಹೋಯಿತು, ಈಗಲೇ ಹೇಳಿಬಿಡುತ್ತೇನೆ; ಮಾವನ ಹಾಗೆ ನಿಮಗೂ ಎದೆ ಹೊಡೆದುಕೊಳ್ಳುವುದು ಬೇಡ.

ಆದರೆ ಆಗ ನಮಗೆ ಅದು ಗೊತ್ತಿರಲಿಲ್ಲ. ಲಾಯರಮ್ಮ ಮಸಿಯ ಡಬ್ಬಿ ಮುಂದಕ್ಕೆ ತಳ್ಳಿದರು: "ಬೇಗ ಒತ್ತಮ್ಮ."

"ಇರಿ ಮೇಡಂ" ಎಂದರು ಮಾವ. ಹಾಳೆ ಹಿಡಿದು ಆ ತಾಯಿಯ ಪಕ್ಕ ಬೆಂಚಿನ ಮೇಲೆ ಕೂತರು. "ಸದರಿ ಆರೋಪಿಯು ನಿರಪರಾಧಿಯಾಗಿದ್ದು..." ಎಂದು ಓದತೊಡಗಿದರು. ಗಂಟಲು ನಡುಗಿತು. ತಾಯಿಗೆ ಒಂದಕ್ಷರ ತಿಳಿಯಲಿಲ್ಲ, ಕಣ್ಣು ಅಗಲವಾಯಿತು. ಮಾವ ಹಾಳೆಯನ್ನು ತೊಡೆಯ ಮೇಲೆ ಇಳಿಸಿದರು.

"ನಿನ್ ಮಗ ಯಾರ್ಗೂ ಹೊಡ್ದಿಲ್ಲ ಅಂತ ಬರ್ದಿದೀವಿ ಕಣವ್ವ. ಜಗಳ ಬುಡ್ಸಕ್ಕೆ ಹೋಗಿದ್ದ ಅಂತ. ಕರ್ದಾಗ ಬತ್ತಾನೆ, ಎಲ್ಲೂ ಓಡೋಗಲ್ಲ. ಅವ್ನಿಗೆ ಮನೆ ಐತೆ, ಅವ್ವ ಅವ್ಳೆ ಅಂತ ಬರ್ದಿದೀವಿ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದರು. ಆ ಜಗಳವಾದಾಗಿನಿಂದ ಆಕೆಗೆ ಯಾರೂ ಇಷ್ಟನ್ನು ಹೇಳಿರಲಿಲ್ಲವೋ ಏನೋ.

"ಇನ್ನೊಂದ್ಸಲ ಹೇಳಣ್ಣ" ಎಂದರು.

ಲಾಯರಮ್ಮ ಗಡಿಯಾರ ನೋಡಿದರು. ನಾನು ಲಾಯರಮ್ಮನನ್ನು ನೋಡಿದೆ. ಮಾವ ಯಾವುದನ್ನೂ ನೋಡಲಿಲ್ಲ.

"ನಿನ್ ಮಗ ಯಾರ್ಗೂ ಹೊಡ್ದಿಲ್ಲ ಕಣವ್ವ" ಎಂದು ಮೊದಲಿನಿಂದ ಶುರು ಮಾಡಿದರು.